ಹೂಂಗುಟ್ಟಿದವಳು

ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಉಕ್ತಲೇಖನ. ಹಿಂದಿನ ದಿನ ಕೊಟ್ಟ ಐವತ್ತು ಪದಗಳಲ್ಲಿ ಇಪ್ಪತ್ತನ್ನ ಲಾವ್‌ಷಿ ಓದೋರು, ನಾವು ಏಳು ಜನ ತಲೆ ಬಗ್ಗಿಸ್ಕೊಂಡು ಬರೆಯೋರು. ಲಾವ್‌ಷಿ ಅಂದ್ರೆ ಚೀನೀ ಭಾಷೆಯಲ್ಲಿ ಟೀಚರು. ಐವತ್ತು ದಾಟಿದ ಕುಳ್ಳ ಹೆಂಗಸು, ಗಿಡ್ಡ ಕೂದಲು, ಎಲೆ ತೇಲ್ತಿರೋ ಟೀ ತುಂಬಿದ ಗಾಜಿನ ಬಾಟಲಿ ಯಾವಾಗ್ಲೂ ಕೈಯಲ್ಲಿ. ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದು ಕೇಳಿದ್ರೆ ಸಾಕು, ನಾನು ಪದಗಳ ಪಟ್ಟಿ ತೆಗೆದು ಇನ್ನೊಂದು ಸಲ ಓದೋಳು. ಇಪ್ಪತ್ತಾರು ವಯಸ್ಸಿಗೆ, ಮಾಲೂರಿನ ಫ್ಯಾಕ್ಟರಿಯಲ್ಲಿ ನಾಲ್ಕು ವರ್ಷ ಶಿಫ್ಟ್ ಮಾಡಿದವಳಿಗೆ, ಮತ್ತೆ ಮೂರನೇ ಕ್ಲಾಸಿನ ಭಯ. ಏನ್ ಹೇಳೋಣ ನನ್ನ ಕರ್ಮ.

ಓದಿನ ಆಸೆಗೆ ಚೀನಾಕ್ಕೆ ಹೋದವಳಲ್ಲ ನಾನು. ಒಂದು ಬೆರಳಿನ ಕಾರಣಕ್ಕೆ ಹೋದೆ. ಅದನ್ನ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ರೆ ಇವಳಿಗೆ ಇಷ್ಟು ಯಾತಕ್ಕೆ ಹೆದರಿಕೆ ಅಂತ ನಿಮಗನ್ನಿಸುತ್ತೆ.

ನಮ್ಮದು ರಟ್ಟಿನ ಡಬ್ಬ ಮಾಡೋ ಫ್ಯಾಕ್ಟರಿ. ರಟ್ಟು ಕತ್ತರಿಸೋಕೆ ಚೀನಾದಿಂದ ಒಂದು ದೊಡ್ಡ ಪ್ರೆಸ್ ತರಿಸಿದ್ರು. ಅದು ಒಂದಿನ ಅರ್ಧಕ್ಕೇ ನಿಂತು, ಕೆಂಪು ಲೈಟ್ ಹಚ್ಕೊಂಡು ಕೂತುಬಿಡ್ತು. ಮ್ಯಾನೇಜರು ಚೀನಾದ ಇಂಜಿನಿಯರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನ ನನ್ನ ಕೈಗೆ ತುರುಕಿದ್ರು. ಯಾಕಂದ್ರೆ ನಾನು ಒಂದು ವರ್ಷದಿಂದ ಸಂಜೆ ಹೊತ್ತು ಆನ್‌ಲೈನಲ್ಲಿ ಚೀನೀ ಕಲೀತಿದ್ದೆ, ಅದನ್ನ ಲೈನಿನಲ್ಲಿ ಎಲ್ಲರಿಗೂ ಕೊಚ್ಚಿಕೊಂಡೂ ಇದ್ದೆ. ಮನೇಲಿ ಕನ್ನಡ, ಅಜ್ಜಿ ಹತ್ರ ತೆಲುಗು, ಸಂತೇಲಿ ಉರ್ದು, ಲೈನಲ್ಲಿ ಹಿಂದಿ. ಐದನೇದು ಏನ್ ಮಹಾ ಅನ್ನೋ ಜಂಬ.

ಇಂಜಿನಿಯರು ಪಟಪಟಾಂತ ಹೇಳಿದ. ಈ ಬಟನ್ ಒತ್ತು, ಇಷ್ಟು ಹೊತ್ತು ಹಿಡಿ, ಕೆಂಪು ಲೈಟ್ ಆರುತ್ತೆ. ಅಲ್ಲೀವರೆಗೆ ಅರ್ಥ ಆಯ್ತು. ಆಮೇಲೆ ಇನ್ನೊಂದು ಮಾತು ಹೇಳಿದ, ಅದು ಕಿವಿ ಪಕ್ಕ ಹಾದು ಹೋಯ್ತು. ನಾನು ಎಲ್ಲದಕ್ಕೂ "ಹೂಂ, ಹೂಂ" ಅಂತಿದ್ದೆ, ಅದಕ್ಕೂ ಹೂಂ ಅಂದೆ. ಸುತ್ತ ಹತ್ತು ಜನ ನಿಂತಿದ್ರು. ಏನಂದ್ರಿ ಅಂತ ಕೇಳೋಕೆ ನಾಚಿಕೆ. ಫೋನ್ ಕಟ್ ಆಯ್ತು.

ಆ ಪ್ರೆಸ್ಸಿನಲ್ಲಿ ಕೆಲಸ ಮಾಡ್ತಿದ್ದೋರು ವಕ್ಕಲೇರಿ ಕಡೆಯ ಒಬ್ಬ ಅಕ್ಕ. ನನಗಿಂತ ಹನ್ನೆರಡು ವರ್ಷ ದೊಡ್ಡೋರು, ಮೊದಲ ದಿನ ನನಗೆ ರಟ್ಟು ಹಿಡಿಯೋದು ಕಲಿಸಿದ್ದೇ ಅವರು. "ಅಕ್ಕಾ, ಲೈಟ್ ಆರಿದ್ಮೇಲೆ ಕೈ ಹಾಕ್ಬಹುದಂತೆ" ಅಂದೆ. ಲೈಟ್ ಆರ್ತು. ಸಿಕ್ಕಿಹಾಕ್ಕೊಂಡಿದ್ದ ಚೂರು ತೆಗೆಯೋಕೆ ಅಕ್ಕ ಕೈ ಹಾಕಿದ್ರು. ಪ್ರೆಸ್ ಮತ್ತೆ ಕೆಳಗೆ ಬಂತು. ಬಲಗೈ ನಡುಬೆರಳು, ಮೊದಲ ಗೆಣ್ಣಿನವರೆಗೆ ಹೋಯ್ತು.

ಆಸ್ಪತ್ರೆಯಿಂದ ಬಂದ್ಮೇಲೆ ಮ್ಯಾನೇಜರು ನನ್ನನ್ನ ಕರೆದು ಕೇಳಿದ್ರು. "ಅವನು ಹೇಳಿದ್ದನ್ನೆಲ್ಲಾ ಆಯಮ್ಮಂಗೆ ಸರಿಯಾಗಿ ಹೇಳಿದ್ಯಲ್ಲಮ್ಮಾ?" ನಾನು "ಹೂಂ ಸಾರ್" ಅಂದೆ. ಅಷ್ಟೇ. ಆಪರೇಟರ್ ಗಮನ ಕೊಡದೆ ಕೈ ಹಾಕಿದ್ದಾರೆ ಅಂತ ರಿಪೋರ್ಟ್ ಬರೆದು ಫೈಲಿಗೆ ಹಾಕಿದ್ರು. ಅಕ್ಕನೂ ಅದನ್ನೇ ನಂಬಿಕೊಂಡ್ರು. "ಲೈಟ್ ಪೂರ್ತಿ ಆರೋಕ್ಮುಂಚೇನೇ ಕೈ ಹಾಕ್ಬಿಟ್ನೇನೋ ಕಣೇ, ನನ್ನ ಆತುರ" ಅಂತ ಅವರೇ ಎಲ್ಲರಿಗೂ ಹೇಳೋರು. ನಾನು ಪಕ್ಕದಲ್ಲೇ ನಿಂತು ಕೇಳಿಸ್ಕೊಳ್ಳೋಳು.

ಪ್ರೆಸ್ಸಿಗೆ ಟಾರ್ಪಾಲು ಹೊದಿಸಿದ್ರು. ಆಗಸ್ಟಿನಲ್ಲಿ ಇಂಜಿನಿಯರು ತಾನೇ ಬಂದು ಶುರು ಮಾಡಿ ಕೊಡ್ತಾನೆ ಅಂತಾಯ್ತು. ಅಷ್ಟರಲ್ಲಿ ನನ್ನನ್ನ ಚೀನೀ ಭಾಷೆಯ ಬೇಸಿಗೆ ಕೋರ್ಸಿಗೆ ಕಳಿಸೋದು, ಪಾಸಾಗಿ ಬಂದ್ರೆ ಲೈನಿನಿಂದ ತೆಗೆದು ಆಫೀಸಿನಲ್ಲಿ ಭಾಷಾಂತರದ ಕೆಲಸಕ್ಕೆ ಕೂರಿಸೋದು. ಅಕ್ಕನ ಬೆರಳು ಹೋಯ್ತು, ನನಗೆ ಕುರ್ಚಿ ಬಂತು. ಹೊರಡೋ ಹಿಂದಿನ ದಿನ ಅಕ್ಕ ಒಂದು ಡಬ್ಬ ರಾಗಿ ಹುರಿಹಿಟ್ಟು ತಂದುಕೊಟ್ರು. ತಾವೇ ಹುರಿದು, ಬೀಸಿ, ಜರಡಿ ಹಿಡಿದಿದ್ರು, ಆ ಕೈಯಲ್ಲೇ. "ಅಲ್ಲಿ ಏನ್ ಸಿಗುತ್ತೋ ಏನೋ. ಬಿಸಿನೀರು ಹಾಕ್ಕೊಂಡು ಕಲಸ್ಕೊಂಡು ತಿನ್ನು" ಅಂದ್ರು. ನನಗೆ ನೆಲ ಬಾಯ್ಬಿಟ್ಟು ನುಂಗಬಾರದಾ ಅನ್ನಿಸ್ತು.

ಹೀಗೆ ಹೋದೋಳು ನಾನು.

ಕಾಲೇಜು ದೊಡ್ಡದು, ನದಿ ಪಕ್ಕದ ಊರು, ಬಿಸಿಲು ಅಂದ್ರೆ ಮೈಗೆ ಅಂಟೋ ಬಿಸಿಲು. ಮರದ ತುಂಬಾ ಜೀರುಂಡೆ, ಬೆಳಗಿಂದ ಸಂಜೆವರೆಗೆ ಒಂದೇ ಸಮ ಕಿರುಚಾಟ. ಹಾಸ್ಟೆಲಿನ ನಾಲ್ಕನೇ ಮಹಡಿಯಲ್ಲಿ ನನಗೆ ಕಜಕಿಸ್ತಾನದ ಹುಡುಗಿ ಜೊತೆ. ಆರು ವಾರ ಚೀನೀ ಬಿಟ್ಟು ಬೇರೆ ಭಾಷೆ ಆಡಲ್ಲ ಅಂತ ಮೊದಲ ದಿನವೇ ಎಲ್ಲರ ಕೈಲೂ ಸಹಿ ಹಾಕಿಸ್ಕೊಂಡ್ರು. ಮನೆಯವರ ಹತ್ರ ಮಾತಾಡ್ಬೇಕಂದ್ರೆ ಭಾನುವಾರ, ಅದೂ ಗೇಟಿನ ಆಚೆ ನಿಂತು. ಹಾಗಾಗಿ ನಾನೂ ಆ ಹುಡುಗಿಯೂ ಸೋಪು, ಫ್ಯಾನು, ಬಕೆಟ್ಟು ಇಷ್ಟರ ಬಗ್ಗೆಯೇ ಮಾತಾಡಿ ಮಲಗೋದು. ಒಂದು ಸಲ ಅವಳು ಮಂಚದ ಮೇಲೆ ಕೂತು ಅಳ್ತಿದ್ಲು. ಯಾಕೆ ಅಂತ ಕೇಳೋಷ್ಟು ಪದ ನನಗೆ ಗೊತ್ತಿತ್ತು, ಅವಳು ಹೇಳಿದ್ದು ತಿಳಿಯೋಷ್ಟು ಗೊತ್ತಿರಲಿಲ್ಲ. ಪಕ್ಕ ಕೂತು ಹೂಂ ಹೂಂ ಅಂದೆ. ಅವಳಿಗೆ ಅಷ್ಟೇ ಸಾಕಾಯ್ತು ಅನ್ಸುತ್ತೆ, ಸುಮ್ಮನಾದ್ಲು.

ಊಟದ ಹಾಲಿನಲ್ಲಿ ಬೆಳಿಗ್ಗೆ ಉಪ್ಪಿಲ್ಲದ ಅನ್ನದ ಗಂಜಿ, ಹಬೆಯಲ್ಲಿ ಬೇಯಿಸಿದ ಬಿಳೀ ಮೈದಾ ಉಂಡೆ. ಮುದ್ದೆ ನುಂಗಿದ ಗಂಟಲಿಗೆ ಅದು ಇಳೀತಿರಲಿಲ್ಲ. ಆದ್ರೆ ಆ ದೇಶದಲ್ಲಿ ಬಿಸಿನೀರಿಗೆ ಮಾತ್ರ ಬರವಿಲ್ಲ. ಪ್ರತಿ ಮಹಡಿಯಲ್ಲೂ ಬಿಸಿನೀರಿನ ನಲ್ಲಿ, ಎಲ್ಲರೂ ಕುದಿಯೋ ನೀರನ್ನೇ ಕುಡಿಯೋದು. ನಾನು ಲೋಟದಲ್ಲಿ ಅಕ್ಕನ ಹುರಿಹಿಟ್ಟು ಹಾಕಿ, ನಲ್ಲಿ ಕೆಳಗೆ ಹಿಡಿದು, ಚಮಚದಲ್ಲಿ ಕಲಸ್ತಿದ್ದೆ. ಹುರಿದ ರಾಗಿ ವಾಸನೆ ಎದ್ದ ಕೂಡಲೇ ಅಕ್ಕನ ಬ್ಯಾಂಡೇಜು ಕಣ್ಣಿಗೆ ಬರೋದು. ತಿನ್ನದೆ ಬಿಡೋಕೂ ಆಗಲ್ಲ, ತಿಂದದ್ದು ದಕ್ಕೋದೂ ಇಲ್ಲ. ನಾನು ಊರಿಂದ ಹೊರಡೋವಾಗ ಮುಳಬಾಗಿಲಿನ ಸೋದರತ್ತೆ "ಅಲ್ಲಿ ಹಾವು ತಿಂತಾರಂತೆ, ಹುಷಾರು" ಅಂತ ಹೆದರಿಸಿ ಕಳಿಸಿದ್ರು. ಹಾವಿನ ಯೋಚನೆಗೆ ನನಗೆಲ್ಲಿ ಪುರಸೊತ್ತು?

ಈ ಹೂಂ ಅನ್ನೋ ರೋಗ ನನಗೆ ಅಂಟಿದ್ದು ಗೌನಿಪಲ್ಲಿಯಲ್ಲಿ, ಅಜ್ಜಿ ಮನೇಲಿ. ಅಜ್ಜಿಗೆ ತೆಲುಗು ಬಿಟ್ರೆ ಬೇರೆ ಬರ್ತಿರಲಿಲ್ಲ. ಕಥೆ ಹೇಳೋಕೆ ಕೂತ್ರೆ ಮೊದಲು ಕರಾರು: "ಊ ಕೊಟ್ಟಾಲಿ." ಹೂಂಗುಟ್ಟಬೇಕು ಅಂತ. ಒಂದೊಂದು ಮಾತಿಗೂ ಹೂಂ ಅನ್ನಬೇಕು, ಹೂಂ ನಿಂತ್ರೆ ಕಥೆ ನಿಲ್ತು, ಮಲಗಿಬಿಟ್ಯಾ ಅಂತ ತೊಡೆಗೊಂದು ಏಟು. ಆದ್ರೆ ನಡುವೆ "ಯಾಕೆ", "ಏನಂದ್ರಿ" ಅಂತ ಕೇಳಿದ್ರೆ ಎರಡು ಏಟು. ನಮ್ಮ ಯಲ್ದೂರು ಕಡೆಯೂ ಹಾಗೇ. ದೊಡ್ಡೋರು ಮಾತಾಡ್ತಿದ್ರೆ ಹೂಂಗುಟ್ಟೋದು ಮರ್ಯಾದೆ, ತಡೆದು ಕೇಳಿದ್ರೆ ಅಧಿಕಪ್ರಸಂಗ. ಹೂಂ ಅಂದ್ರೆ ಅರ್ಥ ಆಯ್ತು ಅಂತೇನಲ್ಲ. ಇಲ್ಲೇ ಇದೀನಿ, ನೀವು ಹೇಳಿ ಅಂತ. ಸ್ಕೂಲಲ್ಲಿ ಮೇಷ್ಟ್ರಿಗೂ ಅದೇ, ಫ್ಯಾಕ್ಟರೀಲಿ ಸೂಪರ್‌ವೈಸರಿಗೂ ಅದೇ. ಇಪ್ಪತ್ತಾರು ವರ್ಷ ಅದರಲ್ಲೇ ಒಳ್ಳೆ ಹುಡುಗಿ ಅನ್ನಿಸ್ಕೊಂಡೆ.

ಚೀನಾದಲ್ಲಿ ಹೂಂ ಅಂದ್ರೆ ಆಯ್ತು, ಒಪ್ಪಿದೆ ಅಂತ ತಗೊಳ್ಳೋರು. ಮೊದಲ ವಾರ ಅಭ್ಯಾಸಕ್ಕೆ ಅಂತ ನನ್ನ ಜೊತೆ ಮಾತಾಡೋಕೆ ಒಬ್ಬಳು ಅಲ್ಲಿನ ವಿದ್ಯಾರ್ಥಿನಿಯನ್ನ ಕೊಟ್ಟಿದ್ರು. ಅವಳು ಅರ್ಧ ಗಂಟೆ ನದಿ, ಅಜ್ಜಿ, ಬೆಳಿಗ್ಗೆ ಅಂತ ಏನೇನೋ ಹೇಳಿದ್ಲು. ನಾನು ಹೂಂ ಹೂಂ ಅಂದೆ. ಮಾರನೇ ದಿನ ಐದೂವರೆಗೆ ರೂಮಿನ ಬಾಗಿಲು ಬಡಿದ್ಲು. ನದಿ ದಂಡೆ ಮೇಲೆ ಅವಳ ಅಜ್ಜಿ ಮತ್ತೆ ಹದಿನೈದು ಇಪ್ಪತ್ತು ಮುದುಕಿಯರು ಹಾಡು ಹಾಕ್ಕೊಂಡು ಕೈಕಾಲು ಬೀಸೋ ವ್ಯಾಯಾಮ ಮಾಡ್ತಾರಂತೆ, ನಾನು ದಿನಾ ಬರ್ತೀನಿ ಅಂತ ಒಪ್ಪಿದ್ದೀನಂತೆ! ನನ್ನ ಗ್ರಹಚಾರ. ಬರಲ್ಲ ಅನ್ನೋಕೆ ಬಾಯಿಲ್ಲದೆ ದಿನಾ ಬೆಳಿಗ್ಗೆ ಮುದುಕಿಯರ ಸಾಲಿನ ಕೊನೆಯಲ್ಲಿ ನಿಂತು ಕೈ ಬೀಸಿದೆ. ಕಜಕಿಸ್ತಾನದವಳು ಕಿಟಕಿಯಿಂದ ನೋಡಿ ಬಿದ್ದು ಬಿದ್ದು ನಗೋಳು.

ಅದು ನಗೋ ವಿಷಯ. ಎರಡನೇ ವಾರದ ಉಕ್ತಲೇಖನ ನಗೋ ವಿಷಯವಾಗಿರಲಿಲ್ಲ.

ಅವತ್ತಿನ ಪಟ್ಟಿಯಲ್ಲಿ ಒಂದು ಸಣ್ಣ ಪದ ಇತ್ತು. "ತ್ಸೈ." ಇನ್ನೊಂದು ಸಲ ಅಂತ ಅರ್ಥ. ಆನ್‌ಲೈನಲ್ಲಿ ಅದನ್ನ ಹೋಗಿಬರ್ತೀನಿ ಅನ್ನೋ ಮಾತಿನ ಜೊತೆ ಸೇರಿಸಿ ಕಲ್ತಿದ್ದೆ, ಬಿಡಿಸಿ ನೋಡೇ ಇರಲಿಲ್ಲ. ಲಾವ್‌ಷಿ ಉದಾಹರಣೆ ಕೊಡೋಕೆ ಕೈಯನ್ನ ಮೇಲಿಂದ ಕೆಳಕ್ಕೆ ತಂದು, "ತ್ಸೈ ಶ್ಯಾ ಲಾಯ್" ಅಂದ್ರು. ಇನ್ನೊಂದು ಸಲ ಕೆಳಗೆ ಬರುತ್ತೆ. ಫೋನಿನಲ್ಲಿ ಕಿವಿ ಪಕ್ಕ ಹಾದುಹೋದ ಮಾತು ಅದೇ. ಅದೇ ಸದ್ದು, ಅದೇ ಏರಿಳಿತ. ಅವನು ಹೇಳಿದ್ದ. ಸ್ಪಷ್ಟವಾಗಿ ಹೇಳಿದ್ದ. ಲೈಟ್ ಆರಿದ ಮೇಲೂ ಅದು ಇನ್ನೊಂದು ಸಲ ಕೆಳಗೆ ಬರುತ್ತೆ ಅಂತ.

ಅಲ್ಲೀವರೆಗೆ ನನಗೊಂದು ಸಣ್ಣ ಆಸೆ ಇತ್ತು. ಆ ಮಾತು ಏನೋ ಬೇರೇದಿರಬಹುದು, ಆಯ್ತಮ್ಮಾ ಫೋನಿಡ್ತೀನಿ ಅಂತ ಇರಬಹುದು, ಅಕ್ಕ ನಿಜವಾಗ್ಲೂ ಆತುರ ಬಿದ್ದಿರಬಹುದು ಅಂತ. ಥೂ, ಎಂಥ ಆಸೆ ಅದು! ಅವರ ತಪ್ಪಾಗಿರಲಿ ಅಂತ ಬೇಡ್ಕೊಂಡಿದ್ದೆ. ಅವತ್ತು ಇಪ್ಪತ್ತಕ್ಕೆ ಆರು ಬಂತು. ಆರು ಪದ ಹೇಗೆ ಬರೆದೆನೋ ಅದೂ ಗೊತ್ತಿಲ್ಲ.

ಆ ಭಾನುವಾರ ಗೇಟಿನ ಆಚೆ, ಪಾರ್ಸೆಲ್ ಅಂಗಡಿ ನೆರಳಲ್ಲಿ ನಿಂತು ಅಕ್ಕನಿಗೆ ಫೋನ್ ಮಾಡಿದೆ. ಹೇಳಿಬಿಡ್ಬೇಕು ಅಂತಲೇ ಮಾಡಿದೆ.

"ಏನೇ, ಊಟ ಆಯ್ತಾ? ಸಣ್ಣಗಾಗಿದೀಯಾ?" ಅಂದ್ರು.

"ಇಲ್ಲ ಅಕ್ಕ. ಹುರಿಹಿಟ್ಟು ತಿಂತಿದೀನಿ."

"ಇಲ್ಲಿ ಹಸುಗಳದ್ದೇ ಕಾಟ ಕಣೇ. ನಡುಬೆರಳಿಲ್ದೆ ಮೊಲೆ ಹಿಡಿತಕ್ಕೇ ಸಿಗಲ್ಲ, ಎಡಗೈಲಿ ಕರೆದ್ರೆ ಒದೀತದೆ. ಡೈರಿಗೆ ಹೋಗೋಷ್ಟರಲ್ಲಿ ಗಾಡಿ ಹೊರಟೋಗಿರುತ್ತೆ." ಆಮೇಲೆ ಅಂದ್ರು: "ಆ ಮಷೀನು ಮತ್ತೆ ಶುರು ಮಾಡ್ತಾರಂತೆ. ನನ್ನನ್ನೇ ಹಾಕ್ತಾರಂತೆ, ನನಗೆ ಅಭ್ಯಾಸ ಇದೆ ಅಂತ. ಆ ಟಾರ್ಪಾಲು ಕಂಡ್ರೂ ಸುತ್ತು ಹಾಕ್ಕೊಂಡು ಹೋಗ್ತೀನಿ. ನೀನು ಇರ್ತೀಯಲ್ಲ, ಅದೇ ಧೈರ್ಯ ಕಣೇ ನನಗೆ."

ನಾನು ಹೂಂ ಅಂದೆ. ಫೋನಿಟ್ಟ ಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತೆ. ಪಾರ್ಸೆಲ್ ಅಂಗಡಿಯವನು ಒಂದು ಸ್ಟೂಲ್ ತಂದು ಪಕ್ಕಕ್ಕಿಟ್ಟು ಹೋದ.

ಅಲ್ಲಿಂದ ಮುಂದೆ ನಿದ್ದೆ ಹತ್ತಲಿಲ್ಲ, ಓದು ಹತ್ತಲಿಲ್ಲ. ದಿನ ಎಣಿಸೋದೇ ಕೆಲಸ. ಕೋರ್ಸ್ ಮುಗಿಯೋಕೆ ಇನ್ನು ಇಪ್ಪತ್ತೆಂಟು ದಿನ, ಇನ್ನು ಇಪ್ಪತ್ತೇಳು. ಅಷ್ಟು ದಿನದಲ್ಲಿ ಆ ಇಂಜಿನಿಯರಿನ ಪಟಪಟ ಮಾತು ನನಗೆ ಪೂರ್ತಿ ತಿಳಿಯುತ್ತಾ? ಒಂದು ಮಾತು ತಪ್ಪಿದ್ರೆ ಈ ಸಲ ಏನು ಹೋಗುತ್ತೆ? ಬೆರಳಾ, ಕೈಯಾ? ಅಂಗಡಿಯಲ್ಲಿ ಹೆಚ್ಚಿಟ್ಟ ಮಾವಿನ ಹಣ್ಣು ಕಂಡ್ರೂ ಕತ್ತಿಯೇ ಕಣ್ಣಿಗೆ ಬೀಳೋದು. ಮಾವಿಗೇ ಹೆಸರಾದ ಶ್ರೀನಿವಾಸಪುರದ ಕಡೆಯವಳಿಗೆ ಮಾವಿನ ಹಣ್ಣು ನೋಡಿದ್ರೆ ಹೆದರಿಕೆ ಅಂದ್ರೆ ಯಾರು ನಂಬ್ತಾರೆ?

ಮಧ್ಯಾಹ್ನ ದಿನಾ ಇಪ್ಪತ್ತು ನಿಮಿಷ ಲಾವ್‌ಷಿ ಜೊತೆ ಒಬ್ಬೊಬ್ಬರೇ ಕೂತು ಮಾತಾಡೋ ಪಾಠ. ನನ್ನ ಪಾಠ ಅಂದ್ರೆ ಅವರು ಹೇಳೋದು, ನಾನು ಹೂಂ ಅನ್ನೋದು. ಅಡ್ಡಿಯಿಲ್ಲದೆ ಸಾಗ್ತಿತ್ತು. ಮೂರನೇ ವಾರ ಒಂದಿನ ಲಾವ್‌ಷಿ ಎಂದಿನ ಹಾಗೇ ಮೆತ್ತಗೆ ಮಾತಾಡ್ತಾ ಮಾತಾಡ್ತಾ ತಟ್ಟನೆ ನಿಲ್ಲಿಸಿದ್ರು. ಒಂದು ಹಾಳೆ ನನ್ನ ಮುಂದೆ ತಳ್ಳಿದ್ರು.

"ನಾನು ಈಗ ಹೇಳಿದ್ದೇನು? ಬರಿ."

ಪೆನ್ನು ಹಿಡಿದೆ. ಏನೂ ಇಲ್ಲ. ತಾರೀಕು ಬರೆದು ನಿಲ್ಲಿಸಿದೆ.

ಅವರು ಅದೇ ಮಾತನ್ನ ನಿಧಾನವಾಗಿ, ಮಗುವಿಗೆ ಹೇಳೋ ಹಾಗೆ ಬಿಡಿಸಿ ಹೇಳಿದ್ರು. "ನಾಳೆ ನೀನು ನನ್ನ ಮನೆ ಮೀನನ್ನ ಹೆಗಲ ಮೇಲೆ ಕೂರಿಸ್ಕೊಂಡು ನಡ್ಕೊಂಡು ಬರ್ಬೇಕು ಅಂದೆ. ನೀನು ಹೂಂ ಅಂದೆ. ಮೊನ್ನೆ ನಾನು, ನನ್ನ ಹೆಸರು ಬೆಕ್ಕು ಅಂದೆ. ಅದಕ್ಕೂ ಹೂಂ ಅಂದೆ. ಎಷ್ಟು ದಿನದಿಂದ ನನಗೆ ಹೀಗೆ ಮೋಸ ಮಾಡ್ತಿದೀಯ?"

ಕೋಪ ಇತ್ತು ಅವರ ಮುಖದಲ್ಲಿ, ನೋವೂ ಇತ್ತು. ನಾನು ಮೋಸ ಅಲ್ಲ, ಮರ್ಯಾದೆ ಅನ್ನೋಕೆ ಹೋದೆ. ಅಷ್ಟಕ್ಕೆ ಬೇಕಾದ ಪದ ನನ್ನ ಹತ್ರ ಇರಲಿಲ್ಲ. ಇದ್ದ ಪದ ಎಲ್ಲಾ ಮೂರು ವಾರದ ಉಕ್ತಲೇಖನದವು. ಅವನ್ನೇ ಒಂದೊಂದಾಗಿ ಮೇಜಿನ ಮೇಲೆ ಇಟ್ಟ ಹಾಗೆ ಹೇಳಿದೆ. ಮಷೀನು. ಕೆಂಪು ದೀಪ. ಅಕ್ಕ. ಇನ್ನೊಂದು ಸಲ ಕೆಳಗೆ ಬರುತ್ತೆ. ನನಗೆ ಅರ್ಥ ಆಗಲಿಲ್ಲ. ನಾನು ಹೂಂ ಅಂದೆ. ಆಮೇಲೆ ನನ್ನ ನಡುಬೆರಳನ್ನ ಮೇಜಿಗೆ ಇಟ್ಟು ಇನ್ನೊಂದು ಕೈಯಿಂದ ಅದರ ತುದಿ ಮುಚ್ಚಿದೆ.

ಆ ಮಾತನ್ನ ನಾನು ಜೀವನದಲ್ಲಿ ಮೊದಲ ಸಲ ಆಡಿದ್ದು ಅವತ್ತು. ಸ್ವಂತ ಭಾಷೇಲಿ ಯಾರಿಗೂ ಆಡಿರಲಿಲ್ಲ.

ಲಾವ್‌ಷಿ ಬಾಟಲಿ ಮುಚ್ಚಳ ತಿರುಗಿಸಿದ್ರು, ಕುಡೀಲಿಲ್ಲ. "ಅವರಿಗೆ ಹೇಳಿದೀಯಾ?" ಅಂತ ಕೇಳಿದ್ರು.

"ಇಲ್ಲ."

ಬೈತಾರೆ ಅಂದ್ಕೊಂಡೆ, ಇಲ್ಲ ಸಮಾಧಾನ ಹೇಳ್ತಾರೆ ಅಂದ್ಕೊಂಡೆ. ಎರಡೂ ಮಾಡಲಿಲ್ಲ. ಹಾಳೆ ಮೇಲೆ ದೊಡ್ಡದಾಗಿ ಮೂರು ಅಕ್ಷರ ಬರೆದ್ರು: ಥಿಂಗ್ ಬು ದೋಂಗ್. ಕೇಳಿಸ್ತು, ಅರ್ಥ ಆಗಲಿಲ್ಲ ಅಂತ. "ನಾಳೆಯಿಂದ ಇಪ್ಪತ್ತು ನಿಮಿಷದಲ್ಲಿ ಐದು ಸಲ ನನ್ನನ್ನ ತಡೆದು ಇದನ್ನ ಹೇಳಬೇಕು. ಅರ್ಥ ಆದ್ರೂ ತಡೀಬೇಕು. ಐದು ಆಗದಿದ್ರೆ ಪಾಠ ಅಲ್ಲಿಗೇ ನಿಲ್ತು, ನಾನು ಎದ್ದು ಹೋಗ್ತೀನಿ."

ಮಾರನೇ ದಿನ ಎದ್ದೇ ಹೋದ್ರು. ಒಂದು ಸಲ ತಡೆದಿದ್ದೆ, ಅದೂ ಕೈ ಎತ್ತಿ, ಕ್ಷಮಿಸಿ ಅಂತ ಮೂರು ಸಲ ಹೇಳಿ. ಅದರ ಮಾರನೇ ದಿನ ಎರಡು. ದೊಡ್ಡೋರು ಬಾಯಿ ತೆರೆದಾಗ ಅಡ್ಡ ಬರೋದು ಅಂದ್ರೆ ನನಗೆ ದೇವರ ಮನೆಗೆ ಚಪ್ಪಲಿ ಹಾಕ್ಕೊಂಡು ನುಗ್ಗಿದ ಹಾಗೆ. ನಾಲಿಗೆ ತುದಿಗೆ ಬರೋದು, ಹೂಂ ಅನ್ನೋದು ಮುಂದೆ ನುಗ್ಗಿಬಿಡೋದು. ಕೊನೆಗೆ ನದಿ ದಂಡೆ ಮುದುಕಿಯರ ಮೇಲೆ ಅಭ್ಯಾಸ ಮಾಡಿದೆ. ನನ್ನ ಪಕ್ಕ ನಿಲ್ತಿದ್ದ ಅಜ್ಜಿ ಕೈ ಬೀಸ್ತಾ ತನ್ನ ಸೊಸೆ ಬಗ್ಗೆ ಉದ್ದಕ್ಕೂ ದೂರು ಹೇಳೋಳು. ಒಂದಿನ ಧೈರ್ಯ ಮಾಡಿ ಅಂದೆ: "ಅಜ್ಜಿ, ನಿಲ್ಲಿಸಿ. ಅರ್ಥ ಆಗಲಿಲ್ಲ. ಇನ್ನೊಂದು ಸಲ ಹೇಳಿ."

ಅಜ್ಜಿ ಕೈ ಬೀಸೋದು ನಿಲ್ಲಿಸಿ ನನ್ನನ್ನ ನೋಡಿದ್ಲು. ಸತ್ತೆ ಅಂದ್ಕೊಂಡೆ. ಆಕೆ ಮುಖ ಅರಳ್ತು! ಇಷ್ಟು ದಿನ ಗೋಡೆಗೆ ಹೇಳ್ತಿದ್ದೆ ಅಂದ್ಕೊಂಡಿದ್ಲೋ ಏನೋ, ಸೊಸೆಯ ಕಥೆಯನ್ನ ಮೊದಲಿಂದ, ಎರಡರಷ್ಟು ಜೋರಾಗಿ, ಕೈ ಮಾಡಿ ತೋರಿಸ್ತಾ ಶುರು ಮಾಡಿದ್ಲು. ನಾನು ಮತ್ತೆ ತಡೆದೆ. ಮತ್ತೆ ಹೇಳಿದ್ಲು. ಸೊಸೆ ಅನ್ನಕ್ಕೆ ನೀರು ಜಾಸ್ತಿ ಹಾಕ್ತಾಳೆ ಅನ್ನೋದು ಅವತ್ತು ನನಗೆ ಪೂರ್ತಿ ಅರ್ಥ ಆಯ್ತು. ಗೌನಿಪಲ್ಲಿ ಅಜ್ಜಿಯನ್ನ ನಾನು ಒಂದು ಸಲವಾದ್ರೂ ಹೀಗೆ ತಡೆದು ಕೇಳಬೇಕಿತ್ತೇನೋ ಅನ್ನಿಸ್ತು. ಈಗ ಆಕೆ ಇಲ್ಲ.

ಕೊನೆ ಪರೀಕ್ಷೆಯಲ್ಲಿ ಮೂರು ಜನ ಎದುರಿಗೆ ಕೂತಿದ್ರು. ನಾನು ಏಳು ಸಲ ತಡೆದೆ. ಒಬ್ಬರು ಹುಬ್ಬು ಗಂಟು ಹಾಕಿ ಏನೋ ಬರ್ಕೊಂಡ್ರು. ಲಾವ್‌ಷಿ ಮಾತ್ರ ಬಾಟಲಿ ಎತ್ತಿ ಟೀ ಕುಡಿದ್ರು. ಪಾಸಾದೆ, ಹೆಚ್ಚೇನೂ ಅಲ್ಲ. ಹೊರಡೋವಾಗ ಲಾವ್‌ಷಿ ಕೈ ಹಿಡ್ಕೊಂಡು ಒಂದೇ ಮಾತು ಕೇಳಿದ್ರು, "ಯಾವಾಗ ಹೇಳ್ತೀಯ?" ಅಂತ. ಊರಿಗೆ ಹೋಗಿ ನೋಡ್ತೀನಿ ಅಂದೆ. ಆಫೀಸಿನ ಕುರ್ಚಿ ಇತ್ತು, ಮನೇಲಿ ಎಲ್ಲರಿಗೂ ಹೇಳ್ಕೊಂಡಿದ್ದ ಕೆಲಸ ಇತ್ತು. ಅಕ್ಕ ನನ್ನ ಮುಖ ನೋಡದೇ ಹೋಗಬಹುದು ಅನ್ನೋ ಭಯ ಎಲ್ಲಕ್ಕಿಂತ ಮೇಲಿತ್ತು.

ಊರಿಗೆ ಬಂದು ಐದನೇ ದಿನಕ್ಕೆ ಇಂಜಿನಿಯರು ಬಂದ. ಫೋನಲ್ಲಿ ಕಂಡದ್ದಕ್ಕಿಂತ ಸಣ್ಣವನು, ಪಯಣದ ಸುಸ್ತು. ಟಾರ್ಪಾಲು ತೆಗೆದ್ರು. ಅವತ್ತಿನ ಹಾಗೇ ಹತ್ತು ಹದಿನೈದು ಜನ ಸುತ್ತ ನಿಂತ್ರು. ಅಕ್ಕ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ಕೊಂಡು ಹಿಂದೆ ನಿಂತಿದ್ರು. ಅವನು ಪಟಪಟ ಶುರು ಮಾಡಿದ. ಮೂರನೇ ಮಾತಿಗೇ ನಾನು ತಡೆದೆ.

"ಥಿಂಗ್ ಬು ದೋಂಗ್. ಇನ್ನೊಂದು ಸಲ ಹೇಳಿ."

ಹೇಳಿದ. ಮತ್ತೆ ತಡೆದೆ. ನಾಲ್ಕನೇ ಸಲಕ್ಕೆ ಹಿಂದೆ ಯಾರೋ ಕಿಸಕ್ಕಂದ್ರು. ಮ್ಯಾನೇಜರ ಮುಖ ಕೆಂಪಾಯ್ತು. "ಏನಮ್ಮಾ ಇದು, ಆರು ವಾರ ಏನ್ ಕಲ್ತೆ ಅಲ್ಲಿ?" ಅಂದ್ರು. ನನಗೆ ಅವಮಾನಕ್ಕೆ ಕಿವಿ ಬಿಸಿಯಾಯ್ತು. ಆದ್ರೂ ಬಿಡಲಿಲ್ಲ. ಆರನೇ ಸಲಕ್ಕೆ ಇಂಜಿನಿಯರು ಉಸ್ಸಂತ ಉಸಿರುಬಿಟ್ಟು ಒಂದು ಉದ್ದನೆ ರಟ್ಟಿನ ಚೂರು ತಗೊಂಡು ಬ್ಲೇಡಿನ ಕೆಳಗೆ ಹಿಡಿದ. ಬಟನ್ ಒತ್ತಿದ. ಕೆಂಪು ಲೈಟ್ ಆರ್ತು. ಒಂದು, ಎರಡು ಎಣಿಸೋಷ್ಟರಲ್ಲಿ ಪ್ರೆಸ್ ಧಡ್ ಅಂತ ಇನ್ನೊಂದು ಸಲ ಕೆಳಗೆ ಬಂತು. ರಟ್ಟಿನ ತುದಿ ಕತ್ತರಿಸಿ ಬಿತ್ತು.

ಯಾರೂ ನಗಲಿಲ್ಲ.

ನಾನು ಅದನ್ನ ಕನ್ನಡದಲ್ಲಿ ಹೇಳಿದೆ, ಆಮೇಲೆ ತೆಲುಗಿನಲ್ಲಿ, ಆಮೇಲೆ ಹಿಂದಿಯಲ್ಲಿ. ಅಕ್ಕನ ಹತ್ರ ಹೋದೆ. "ಅರ್ಥ ಆಯ್ತಾ ಅಕ್ಕಾ?"

"ಹೂಂ."

"ಹೂಂ ಬೇಡಕ್ಕಾ. ನಾನು ಏನ್ ಹೇಳಿದೆ ಅಂತ ನೀವೇ ಹೇಳಿ."

ಅಕ್ಕ ನೆಲ ನೋಡ್ತಾ ಹೇಳಿದ್ರು. "ಲೈಟ್ ಆರಿದ್ರೂ ಕೈ ಹಾಕ್ಬಾರ್ದು. ಅದು ಇನ್ನೊಂದ್ಸಲ ಕೆಳಗೆ ಬರುತ್ತೆ. ಬಂದು ಹೋದ್ಮೇಲೆ…" ಅಲ್ಲಿಗೆ ನಿಂತುಬಿಟ್ರು. ತಲೆ ಎತ್ತಿ ನನ್ನನ್ನ ನೋಡಿದ್ರು. ಆ ನೋಟ ತಪ್ಪಿಸ್ಕೊಳ್ಳೋಕೆ ನನಗೆ ಆಗಲಿಲ್ಲ.

ಸಂಜೆ ಕಂಪನಿ ವ್ಯಾನಿನಲ್ಲಿ ಅಕ್ಕ ಕಿಟಕಿ ಕಡೆ ಮುಖ ತಿರುಗಿಸ್ಕೊಂಡು ಕೂತಿದ್ರು. ವಕ್ಕಲೇರಿಯಲ್ಲಿ ಇಳಿದ್ರು. ನಾನು ಕೋಲಾರದವರೆಗೆ ಹೋಗಬೇಕಾದೋಳು, ನಾನೂ ಇಳಿದೆ. ಅವರ ಹಿಂದೆಯೇ ನಡೆದೆ. ಮನೆಗೆ ಹೋದವರೇ ಬಕೆಟ್ಟು ತಗೊಂಡು ಹಸುವಿನ ಹತ್ರ ಕೂತ್ರು. ಹೆಬ್ಬೆರಳು ಮತ್ತೆ ತೋರುಬೆರಳಿನ ನಡುವೆ ಮೊಲೆ ಹಿಡಿದು ಕರೀತಿದ್ರು, ಮೊಟುಕು ಬೆರಳು ಗಾಳಿಯಲ್ಲೇ ನಿಂತಿತ್ತು. ಹಾಲು ಬಕೆಟ್ಟಿಗೆ ಬೀಳೋದು ಎರಡು ಸಲ, ಆಚೆ ನೆಲಕ್ಕೆ ಒಂದು ಸಲ.

"ಅವತ್ತೂ ಅವನು ಇದನ್ನೇ ಹೇಳಿದ್ನಾ?" ಅಂದ್ರು, ನನ್ನ ಕಡೆ ತಿರುಗದೆ.

"ಹೇಳಿದ್ದ ಅಕ್ಕ."

"ನೀನು ನನಗೆ ಹೇಳ್ಲಿಲ್ಲ."

"ನನಗೆ ಅರ್ಥ ಆಗಿರ್ಲಿಲ್ಲ. ಅರ್ಥ ಆಗದೇನೇ ಹೂಂ ಅಂದೆ. ಮ್ಯಾನೇಜರ್ ಕೇಳಿದಾಗ್ಲೂ ಎಲ್ಲಾ ಹೇಳಿದೀನಿ ಅಂತ ಹೂಂ ಅಂದುಬಿಟ್ಟೆ. ನಿಮ್ಮ ತಪ್ಪಿಲ್ಲ ಅಕ್ಕ. ಲೈಟ್ ಆರಿದ ಮೇಲೇನೇ ನೀವು ಕೈ ಹಾಕಿದ್ದು. ನಾನು ನೋಡಿದೀನಿ."

ಹಾಲಿನ ಸದ್ದು ನಿಂತು ಹೋಯ್ತು. ಅಕ್ಕ ಹಸುವಿನ ಹೊಟ್ಟೆಗೆ ಹಣೆ ಒತ್ಕೊಂಡು ಕೂತ್ರು. ಅಳ್ತಿದ್ರಾ, ಗೊತ್ತಿಲ್ಲ. ಬೆನ್ನು ಮಾತ್ರ ಕಾಣ್ತಿತ್ತು.

"ಇಷ್ಟು ದಿನ ನನ್ನ ಕೈಯನ್ನ ನಾನೇ ಬೈಕೊಂಡು ಓಡಾಡಿದೆನಲ್ಲೇ" ಅಂದ್ರು ಕೊನೆಗೆ. "ನನ್ನ ಕಣ್ಣ ಮೇಲೇ ನನಗೆ ನಂಬಿಕೆ ಹೋಗಿತ್ತು."

ಕ್ಷಮಿಸಿ ಅಂದೆ. ಅದು ಅವರಿಗೆ ಕೇಳಿಸಿದ ಹಾಗೆ ಕಾಣಲಿಲ್ಲ. ಬಕೆಟ್ಟು ಎತ್ತಿ ಪಕ್ಕಕ್ಕಿಟ್ಟು, ಕೈ ಒರೆಸ್ಕೊಂಡು, ಎದ್ದು ನನ್ನೆದುರು ನಿಂತ್ರು.

"ನಾಳೆ ಆಫೀಸಲ್ಲೂ ಇದನ್ನೇ ಹೇಳ್ತೀಯಾ? ಆ ರಿಪೋರ್ಟಲ್ಲಿ ಬರೆದಿದ್ದನ್ನ ಅಳಿಸ್ತೀಯಾ?"

"ಹೂಂ" ಅಂದೆ.

"ಹೂಂ ಅನ್ಬೇಡ್ವೇ" ಅಂದ್ರು ಅಕ್ಕ. "ಬಾಯ್ಬಿಟ್ಟು ಹೇಳು."

"ಹೇಳ್ತೀನಿ ಅಕ್ಕ. ನಾಳೆ ಬೆಳಿಗ್ಗೆ, ನೀವು ಪಕ್ಕದಲ್ಲಿ ನಿಂತಿರುವಾಗ್ಲೇ ಹೇಳ್ತೀನಿ."

ಅಕ್ಕ ಡೈರಿಗೆ ಹೊತ್ತಾಯ್ತು ಅಂತ ಬಕೆಟ್ಟು ತಗೊಂಡು ಹೊರಟ್ರು. ಮಾರನೇ ದಿನ ಶಿಫ್ಟ್ ಶುರುವಾಗೋಕ್ಮುಂಚೆ ನಾವಿಬ್ಬರೂ ಆಫೀಸಿನ ಬಾಗಿಲಲ್ಲಿ ನಿಂತಿದ್ವಿ. ಬಾಗಿಲು ತಟ್ಟಿದ್ದು ಅಕ್ಕ, ಆ ಕೈಯಲ್ಲೇ. ಮಾತಾಡಿದ್ದು ನಾನು.